ಯಾರ್ಕ್‌ಟೌನ್ ರಣಭೂಮಿ: ಕಾರ್ನ್‌ವಾಲಿಸ್ ಶರಣಾದ ಬಯಲು

1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್, ಅದಕ್ಕೂ ಮೊದಲು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ತಾನೇ ಮುತ್ತಿಗೆಗೆ ಸಿಕ್ಕಿ ಸೋತದ್ದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ, 1781ರ ಅಕ್ಟೋಬರ್ 19ರಂದು.

ಹಲವರು ಎಡವುವುದು ಆರಂಭದಲ್ಲೇ. ರಣಭೂಮಿಯೆಂದು ಅಮೆರಿಕನ್ ಕ್ರಾಂತಿಯ ಮ್ಯೂಸಿಯಂಗೆ ಹೋಗುತ್ತಾರೆ; ಅದು ಬೇರೆ ಸಂಸ್ಥೆಯದು, ಟಿಕೆಟ್ಟೂ ಬೇರೆ. ರಣಭೂಮಿ ನೋಡಲು ನೇರವಾಗಿ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರಕ್ಕೇ ಹೋಗಿ, ನಕ್ಷೆ ತೆಗೆದುಕೊಳ್ಳಿ. ಕಾರಿಲ್ಲದೆ ಕಷ್ಟ: ಕೆಂಪು ಬಾಣದ ದಾರಿ 7 ಮೈಲಿ, ಸೈನ್ಯದ ಬಿಡಾರಗಳತ್ತ ಹೋಗುವ ಹಳದಿ ಬಾಣದ್ದು 9 ಮೈಲಿ. ಸಮಯ ಸಾಲದಿದ್ದರೆ ಹಳದಿ ಬಿಟ್ಟುಬಿಡಿ.

ನಿಲ್ಲಬೇಕಾದದ್ದು ಬ್ರಿಟಿಷರ 9 ಮತ್ತು 10ನೇ ಮಣ್ಣಿನ ಕೊತ್ತಲಗಳ ಬಳಿ. ಅಕ್ಟೋಬರ್ 14ರ ರಾತ್ರಿ ಅಮೆರಿಕನ್ನರ ಮಿತ್ರರಾದ ಫ್ರೆಂಚರು 9ನ್ನು, ಸೇನಾಧಿಕಾರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂದಾಳತ್ವದ ಅಮೆರಿಕನ್ನರು 10ನ್ನು ಹಿಡಿದರು. ಮಣ್ಣಿನ ಗೋಡೆಯಿಂದ ಹೊರಚಾಚಿದ ಚೂಪು ಗೂಟಗಳನ್ನು ಹತ್ತಿರದಿಂದ ನೋಡಿದರೆ ಏಣಿ ಹಚ್ಚುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಆದರೆ ಇವು ಮರುನಿರ್ಮಾಣ. 10ರ ಬಹುಭಾಗವನ್ನು ಯಾರ್ಕ್ ನದಿಯೇ ಕೊರೆದು ನುಂಗಿದೆ. ದಿಬ್ಬ ಹತ್ತಬೇಡಿ, ಹುಲ್ಲು ಸವೆದರೆ ಮಳೆಗೆ ಮಣ್ಣು ಜಾರುತ್ತದೆ.

ಶರಣಾಗತಿಯ ಷರತ್ತುಗಳ ಮಾತುಕತೆ ನಡೆದ ಮೂರ್ ಹೌಸ್ ಎಲ್ಲ ದಿನ ತೆರೆದಿರದು, ಕೇಂದ್ರದಲ್ಲೇ ಕೇಳಿಕೊಳ್ಳಿ. ಶರಣಾಗತಿಯ ಬಯಲಿನಲ್ಲಿ ವಶಪಡಿಸಿಕೊಂಡ ಫಿರಂಗಿಗಳಿವೆ. ಕಾರ್ನ್‌ವಾಲಿಸ್ ಅನಾರೋಗ್ಯದ ನೆಪ ಹೇಳಿ ತನ್ನ ಕೈಕೆಳಗಿನ ಜನರಲ್ ಓ'ಹಾರಾನನ್ನು ಶರಣಾಗಲು ಕಳಿಸಿದ. ಅಮೆರಿಕನ್ ಸೇನಾಪತಿ ವಾಷಿಂಗ್ಟನ್ ಅವನನ್ನು ತನ್ನ ಕೈಕೆಳಗಿನ ಜನರಲ್ ಬೆಂಜಮಿನ್ ಲಿಂಕನ್‌ನತ್ತ ಕಳಿಸಿದ. ಲೆಕ್ಕ ಸರಿಹೋಯಿತು!

ವಿಜಯಸ್ತಂಭಕ್ಕೆ ಕಾಂಗ್ರೆಸ್ ಒಪ್ಪಿದ್ದು 1781ರಲ್ಲೇ, ಅದು ಮುಗಿದದ್ದು 1884ರಲ್ಲಿ. ಮೇಲಿನ ಪ್ರತಿಮೆ ಸಿಡಿಲಿಗೆ ಹಾಳಾಗಿ, ಬದಲಾಯಿಸಿದ್ದು. ಹತ್ತು ನಿಮಿಷ ಸಾಕು.