ಪಿಡಿಎಫ್ ಪುಟಗಳನ್ನು ಜೆಪಿಜಿ ಮಾಡಿಕೊಡುವ ಸೈಟಿಗೆ ದುಡ್ಡು ಕಟ್ಟಿ ಪೆದ್ದನಾದೆ, ನೀವಾದರೂ ಹುಷಾರು

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮಾತು ಆಚೀಚೆ ಆದರೆ ಸಹಿಸಿಕೊಳ್ಳಿ. ಪೆದ್ದ ಅಂತ ನಾನೇ ಹೇಳಿಕೊಂಡುಬಿಡುತ್ತೇನೆ, ಯಾಕಂದ್ರೆ ಮನೆಯವರೆಲ್ಲ ಆಗಲೇ ಹೇಳಿ ಮುಗಿಸಿದ್ದಾರೆ.

ನಮ್ಮ ಚಿಕ್ಕಪ್ಪ ತಮ್ಮ ಹಳೆಯ ನೆನಪುಗಳನ್ನೆಲ್ಲ ಬರೆದಿಟ್ಟಿದ್ದರು. ನಾನು ಟೈಪ್ ಮಾಡಿ 64 ಪುಟದ ಪಿಡಿಎಫ್ ಮಾಡಿದ್ದೆ. ಅವರ ಹುಟ್ಟುಹಬ್ಬಕ್ಕೆ ಅದನ್ನು ಫೋಟೋ ಆಲ್ಬಮ್ ಥರ ಅಚ್ಚು ಹಾಕಿಸೋಣ ಅಂತ ಆಸೆ. ಆಲ್ಬಮ್ ಮಾಡುವವರು ಪಿಡಿಎಫ್ ತಗೊಳ್ಳಲ್ಲ, ಪುಟಕ್ಕೊಂದು ಜೆಪಿಜಿ ಬೇಕು, 300 ಡಿಪಿಐ (ಅಂದರೆ ಅಚ್ಚಿನಲ್ಲಿ ಒಂದು ಇಂಚಿಗೆ 300 ಚುಕ್ಕಿ) ಇರಬೇಕು ಅಂದರು. ಅದೇನು ದೊಡ್ಡ ಕೆಲಸ ಅಂತ ಮೊದಲು ಸಿಕ್ಕ ಸೈಟಿಗೆ ಫೈಲ್ ಹಾಕಿದೆ.

ಪುಕ್ಕಟೆ ಬಂದದ್ದು ಪುಟಕ್ಕೆ 595 × 842 ಪಿಕ್ಸೆಲ್. ಅಂದರೆ ಎ4 ಹಾಳೆ, ಬರೀ 72 ಡಿಪಿಐ. ಮೇಲೆ ಅಡ್ಡಡ್ಡ ಸೈಟಿನ ಹೆಸರು ಬೇರೆ. ಪುಕ್ಕಟೆ ಅಂದಮೇಲೆ ಅಷ್ಟೇ ಅಲ್ವಾ, ಅದಕ್ಕೆ ಬೇಜಾರಿಲ್ಲ. ಪಕ್ಕದಲ್ಲೇ ದೊಡ್ಡ ಬಟನ್ ಇತ್ತು: ‘ಎಚ್‌ಡಿ, 300 ಡಿಪಿಐ, ವಾಟರ್‌ಮಾರ್ಕ್ ಇಲ್ಲ’. ಒತ್ತಿದೆ, ಕಾರ್ಡ್ ನಂಬರ್ ಕೊಟ್ಟೆ, ಫೈಲ್ ಬಂತು. ಪುಟಕ್ಕೆ 2480 × 3508 ಪಿಕ್ಸೆಲ್. 300 ಡಿಪಿಐನ ಎ4 ಅಂದರೆ ಸರಿಯಾಗಿ ಅಷ್ಟೇ ಇರಬೇಕು, ಲೆಕ್ಕ ಹಾಕಿ ನೋಡಿ ಬೀಗಿದೆ ಕೂಡ. ಫೋನಿನಲ್ಲಿ ನಾಲ್ಕು ಪುಟ ತಿರುವಿದೆ, ಚೆನ್ನಾಗಿಯೇ ಕಂಡಿತು. ಅಷ್ಟು ಚಿಕ್ಕ ಪರದೆಯಲ್ಲಿ ಯಾವುದು ಚೆನ್ನಾಗಿ ಕಾಣಲ್ಲ ಹೇಳಿ? ಜೂಮ್ ಮಾಡಲಿಲ್ಲ. ಒಂದೇ ಒಂದು ಸಲ ಜೂಮ್ ಮಾಡಲಿಲ್ಲ. 20 ಪ್ರತಿ ಅಚ್ಚು ಹಾಕಿಸಿದೆ.

ಹುಟ್ಟುಹಬ್ಬದ ದಿನ ಅತ್ತೆ ಪುಸ್ತಕ ತೆರೆದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು, ಮತ್ತೆ ಒರೆಸಿದರು. ‘ನನ್ನ ಕಣ್ಣೇ ಹೋಯ್ತೇನೋ, ಅಕ್ಷರ ಎಲ್ಲ ಮಂಜು ಮಂಜು’ ಅಂದರು. ನಾನು ಇಸಕೊಂಡು ನೋಡುತ್ತೇನೆ, ಒಂದು ಒತ್ತಕ್ಷರವೂ ನೆಟ್ಟಗಿಲ್ಲ, ತ ಒತ್ತೋ ನ ಒತ್ತೋ ಊಹೆ ಮಾಡಿ ಓದಬೇಕು. ಚಿಕ್ಕಪ್ಪ ಮಾತ್ರ ‘ಇರಲಿ ಬಿಡೋ, ನಾನು ಬರೆದದ್ದು ತಾನೇ, ನನಗೆ ಬಾಯಿಪಾಠ’ ಅಂದರು. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ರಾತ್ರಿ ಕಂಪ್ಯೂಟರ್ ಮುಂದೆ ಕೂತೆ. ಪುಕ್ಕಟೆ ಫೈಲಿನ ಒಂದು ಪುಟ ಈ ಕಡೆ, ದುಡ್ಡು ಕೊಟ್ಟ ಫೈಲಿನ ಅದೇ ಪುಟ ಆ ಕಡೆ. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿದೆ. ಅದೇ ಮಸುಕು. ಅಲ್ಲೂ ಅದೇ, ಇಲ್ಲೂ ಅದೇ! ಮೈ ಉರಿದುಹೋಯಿತು. ಅವರು ಮಾಡಿದ್ದು ಇಷ್ಟೇ: ಆ 72 ಡಿಪಿಐ ಚಿತ್ರವನ್ನೇ ಎಳೆದು ದೊಡ್ಡದು ಮಾಡಿ, ಮೇಲಿನ ಹೆಸರು ತೆಗೆದು ಕಳಿಸಿದ್ದಾರೆ. ಪಿಕ್ಸೆಲ್ 17 ಪಟ್ಟು ಜಾಸ್ತಿ, ಹೊಸದಾಗಿ ಕಾಣುವುದು ಏನೂ ಇಲ್ಲ. ಟೈಪ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ಇರುವುದು ಗೆರೆಗಳ ರೂಪದಲ್ಲಿ, ಎಷ್ಟು ಜೂಮ್ ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ. ಅದರಿಂದ ನೇರವಾಗಿ 300ಕ್ಕೆ ಚಿತ್ರ ತೆಗೆಯಬೇಕು. ಚಿಕ್ಕದಾಗಿ ತೆಗೆದು ಆಮೇಲೆ ಎಳೆದರೆ ಹೋದ ಅಂಚು ವಾಪಸ್ ಬರುತ್ತಾ? ಸಾಲದ್ದಕ್ಕೆ ಫೈಲ್ ಹಗುರ ಆಗಲಿ ಅಂತ ಜೆಪಿಜಿಯ ಕ್ವಾಲಿಟಿಯನ್ನು ಸಿಕ್ಕಾಪಟ್ಟೆ ಇಳಿಸಿದ್ದರು, ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಬೂದು ಚುಕ್ಕಿ.

ಬರೆದೆ ಅವರಿಗೆ. ಮೊದಲ ಉತ್ತರ: ‘ಫೈಲಿನ ಪ್ರಾಪರ್ಟೀಸ್ ನೋಡಿ, 300 ಡಿಪಿಐ ಎಂದೇ ಇದೆ.’ ಇದೆ, ನಿಜ! ಅದು ಫೈಲಿನೊಳಗೆ ಬರೆದಿಟ್ಟ ಒಂದು ಅಂಕಿ, ಯಾರು ಬೇಕಾದರೂ 300 ಅಂತ ಬರೆಯಬಹುದು. ಎರಡನೆಯದು: ‘ನಿಮ್ಮ ಮೂಲ ಫೈಲ್‌ನ ಗುಣಮಟ್ಟ ಕಡಿಮೆ ಇರಬಹುದು.’ ಸ್ಕ್ಯಾನ್ ಮಾಡಿದ ಪುಟ ಆಗಿದ್ದರೆ ಒಪ್ಪುತ್ತಿದ್ದೆ. ಇದು ನಾನೇ ಟೈಪ್ ಮಾಡಿದ್ದು ಸ್ವಾಮಿ, ಬೇಕಾದರೆ ತೆರೆದು ನೋಡಿ ಅಂದೆ. ಮೂರನೆಯದು ಕೇಳಿ: ‘ನಿಮ್ಮ ಗೌಪ್ಯತೆಗಾಗಿ ಫೈಲ್ ಅಳಿಸಿದ್ದೇವೆ, ಪರಿಶೀಲಿಸಲು ಸಾಧ್ಯವಿಲ್ಲ.’ ಹಾಗಾದರೆ ಗುಣಮಟ್ಟ ಕಡಿಮೆ ಅಂತ ಏನು ನೋಡಿ ಹೇಳಿದಿರಿ? ಅದಕ್ಕೆ ಉತ್ತರ ಬರಲಿಲ್ಲ. ಬಂದದ್ದು ನಾಲ್ಕನೆಯದು: ಇನ್ನೂ ಮೇಲಿನ ಪ್ಲಾನ್ ತಗೊಂಡರೆ ‘ಅಲ್ಟ್ರಾ’ ಸಿಗುತ್ತದಂತೆ.

ಇಷ್ಟರ ಮೇಲೆ ಮುಂದಿನ ತಿಂಗಳು ಕಾರ್ಡಿನಿಂದ ಮತ್ತೆ ದುಡ್ಡು ಹೋಗಿದೆ. ಒಂದು ಸಲದ ಬೆಲೆ ಅಂದುಕೊಂಡಿದ್ದೆ, ಅದು ತಿಂಗಳ ಚಂದಾ. ಕೆಳಗೆ ತಿಳಿ ಬೂದು ಬಣ್ಣದಲ್ಲಿ ಬರೆದಿದ್ದರಂತೆ. ನಿಲ್ಲಿಸುವ ಬಟನ್ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು, ಒತ್ತಿದರೆ ‘ನಿಜವಾಗಲೂ ಹೋಗುತ್ತೀರಾ’ ಅಂತ ಮೂರು ಸಲ ಕೇಳುತ್ತದೆ.

ನೀವು ದುಡ್ಡು ಕೊಡುವುದೇ ಆದರೆ ಮೊದಲು ಒಂದು ಪುಟ ಮಾಡಿಸಿ, ದೊಡ್ಡ ಪರದೆಯಲ್ಲಿ ಹಿಗ್ಗಿಸಿ, ಮೂಲ ಪಿಡಿಎಫ್ ಪಕ್ಕ ಇಟ್ಟು ಒತ್ತಕ್ಷರ ನೋಡಿ. ಬ್ಯಾಂಕಿನ ಕಾಗದ, ಗುರುತಿನ ಚೀಟಿ ಇಂಥವನ್ನಂತೂ ಈ ಸೈಟುಗಳಿಗೆ ಹಾಕಲೇಬೇಡಿ. (ಹಿಂದೆ ಹಾಕಿದ್ದೇನೆ. ಈಗ ನಿದ್ದೆ ಬರುತ್ತಿಲ್ಲ.) ಅಸಲಿಗೆ ಸೈಟೇ ಬೇಕಾಗಿಲ್ಲ. ಜಿಂಪ್ ಅಂತ ಚಿತ್ರ ತಿದ್ದುವ ಪ್ರೋಗ್ರಾಂ ಇದೆ, ಅದರಲ್ಲಿ ಪಿಡಿಎಫ್ ತೆರೆಯುವಾಗಲೇ ರೆಸಲ್ಯೂಶನ್ ಕೇಳುತ್ತದೆ, 300 ಕೊಡಿ. ಜಾಸ್ತಿ ಪುಟ ಇದ್ದರೆ ಪಾಪ್ಲರ್ ಅನ್ನೋ ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರುವ ಪಿಡಿಎಫ್‌ಟುಪಿಪಿಎಂ ಇದೆ, ಕಮಾಂಡ್ ಟೈಪ್ ಮಾಡಿ ಓಡಿಸುವಂಥದ್ದು. ಸುಮ್ನೆ ಬಿಟ್ಟರೆ ಅದು 150ಕ್ಕೇ ತೆಗೆಯುತ್ತದೆ, 300 ಅಂತ ನಾವೇ ಹೇಳಬೇಕು. ಬರೀ ಅಕ್ಷರ ಇರುವ ಪುಟಕ್ಕೆ ಪಿಎನ್‌ಜಿ (ಅಂಚು ಕೆಡಿಸದ ಇನ್ನೊಂದು ಬಗೆಯ ಚಿತ್ರದ ಫೈಲ್) ಒಳ್ಳೆಯದು, ಜೆಪಿಜಿಯೇ ಬೇಕು ಅಂದರೆ ಕ್ವಾಲಿಟಿ ಮೇಲೆ ಇಡಿ. ಜಿಂಪ್, ಪಿಡಿಎಫ್‌ಟುಪಿಪಿಎಂ ಎರಡೂ ಪುಕ್ಕಟೆ, ಫೈಲ್ ನಮ್ಮ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದೇ ಇಲ್ಲ. 64 ಪುಟ ತೆಗೆಯಲು ನನಗೆ ಒಂದು ನಿಮಿಷ ಕೂಡ ಹಿಡಿಯಲಿಲ್ಲ.

ಈ ಸಲ ಒಂದೇ ಪ್ರತಿ ಅಚ್ಚು ಹಾಕಿಸಿ ಅತ್ತೆಗೆ ತೋರಿಸಿದೆ. ಅಷ್ಟರಲ್ಲಿ ಅವರು ಹೊಸ ಕನ್ನಡಕ ಮಾಡಿಸಿಕೊಂಡು ಬಂದಿದ್ದರು.