‘ಹೆವಿ ಮೆಟಲ್ ಡಿಟಾಕ್ಸ್’ ಕ್ಯಾಪ್ಸೂಲ್: ಡಬ್ಬಿಯ ಮೇಲಿನ ಮಾತು, ಒಳಗಿನ ಪುಡಿ

ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಸೀಸ ಕರಗಿಸುವ ಘಟಕದಲ್ಲಿ ದುಡಿಯುವ ನನ್ನ ಭಾವಮೈದುನನಿಗಾಗಿ ಆನ್‌ಲೈನ್‌ನಲ್ಲಿ ತರಿಸಿದ ಕ್ಯಾಪ್ಸೂಲ್ ಇದು. ‘ಸೀಸ, ಪಾದರಸ, ಕ್ಯಾಡ್ಮಿಯಂಗಳಿಂದ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಸಂಪೂರ್ಣ ರಕ್ಷಣೆ’ ಎಂದು ಡಬ್ಬಿಯ ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿದೆ. ಆಹಾರ ಪೂರಕವೆಂದು ಮಾರುವ ಸರಕಿನ ಮೇಲೆ ಕಾನೂನು ಕಡ್ಡಾಯಗೊಳಿಸಿರುವ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಮಾತ್ರ ಹಿಂಭಾಗದಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣದಾಗಿದೆ.

ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಸಾರ, ನೆಲನೆಲ್ಲಿ, ನುಗ್ಗೆ ಸೊಪ್ಪು, ಅರಿಶಿನ ಮತ್ತು ಕಾಳುಮೆಣಸು ಇದರ ಘಟಕಗಳು. ಒಂದು ಕ್ಯಾಪ್ಸೂಲನ್ನು ಬಿಚ್ಚಿ ಬಿಳಿ ಕಾಗದದ ಮೇಲೆ ಸುರುವಿದರೆ ಹಸಿರು ಬೆರೆತ ಕಂದು ಪುಡಿ ಬೀಳುತ್ತದೆ. ಬೆರಳಿಗೆ ಅರಿಶಿನ ಹತ್ತುತ್ತದೆ, ನಾಲಿಗೆಗೆ ಮೊದಲು ತಾಗುವುದು ನೆಲನೆಲ್ಲಿಯ ಕಹಿ. ಪದಾರ್ಥಗಳು ನಿಜವಾಗಿಯೂ ಒಳಗಿವೆ ಎಂದೇ ತೋರುತ್ತದೆ. ಆದರೆ ಮಿಲ್ಕ್ ಥಿಸಲ್‌ನ ಮುಖ್ಯ ಅಂಶವಾದ ಸಿಲಿಮರಿನ್ ಶೇಕಡಾ ಎಷ್ಟಿದೆ ಎಂಬುದು ಎಲ್ಲಿಯೂ ಇಲ್ಲ. ಒಳ್ಳೆಯ ತಯಾರಕರು ಸಾಮಾನ್ಯವಾಗಿ 70ರಿಂದ 80 ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ.

ಈ ಗಿಡಗಳಿಗೆ ಬಂದಿರುವ ಹೆಸರು ಪೂರ್ತಿ ಪೊಳ್ಳಲ್ಲ. ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಯುರೋಪಿನಲ್ಲಿ ವಿಷ ಅಣಬೆ ತಿಂದವರಿಗೆ ಸಿಲಿಮರಿನ್‌ನಿಂದ ಪಡೆದ ಸಿಲಿಬಿನಿನ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಇನ್ನು ಲೋಹಗಳ ವಿಷಯಕ್ಕೆ ಬಂದರೆ, ಮಾರಾಟಗಾರರು ಮುಂದಿಡುವ ಪುರಾವೆಯೆಲ್ಲ ಬಹುಮಟ್ಟಿಗೆ ಇಲಿಗಳದು. ಇಲಿಗಳಿಗೆ ಲೆಡ್ ಅಸಿಟೇಟ್ ಎಂಬ ಸೀಸದ ಲವಣ ಅಥವಾ ಕ್ಯಾಡ್ಮಿಯಂ ಕ್ಲೋರೈಡ್ ಕೊಟ್ಟು, ಬಹಳ ಸಲ ಅದೇ ದಿನಗಳಲ್ಲಿ ಸಾರವನ್ನೂ ಉಣಿಸಿ, ಕೆಲವು ವಾರಗಳ ಬಳಿಕ ರಕ್ತದಲ್ಲಿ ಎಎಲ್‌ಟಿ (ಯಕೃತ್ತಿನ ಹಾನಿ ತೋರಿಸುವ ಕಿಣ್ವ), ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ತ್ಯಾಜ್ಯ) ಇಳಿದಿವೆಯೇ, ಯಕೃತ್ತಿನಲ್ಲಿ ಜೀವಕೋಶಗಳನ್ನು ಕಾಯುವ ಗ್ಲುಟಾಥಯಾನ್ ಉಳಿದಿದೆಯೇ ಎಂದು ನೋಡುತ್ತಾರೆ. ಅನೇಕ ಪ್ರಯೋಗಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಬಂದಿದೆ, ಏಕೆಂದರೆ ಲೋಹ ಉಂಟುಮಾಡುವ ಆಕ್ಸಿಡೀಕರಣದ ಒತ್ತಡವನ್ನು, ಅಂದರೆ ಚುರುಕು ಆಮ್ಲಜನಕದ ಕಣಗಳಿಂದ ಜೀವಕೋಶಗಳಿಗಾಗುವ ಹಾನಿಯನ್ನು, ಈ ಸಾರಗಳು ತಗ್ಗಿಸುತ್ತವೆ. ವರ್ಷಗಟ್ಟಲೆ ಸೀಸದ ಧೂಳು ಕುಡಿದ ಮನುಷ್ಯನಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಒತ್ತಡ ತಗ್ಗಿದ ಮಾತ್ರಕ್ಕೆ ಲೋಹ ಹೊರಹೋಗುವುದಿಲ್ಲ: ಸೀಸ ಮೂಳೆಯಲ್ಲಿ ದಶಕಗಳ ಕಾಲ ಕೂರುತ್ತದೆ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಉಳಿಯುತ್ತದೆ. ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಸಕ್ಸಿಮರ್, ಕ್ಯಾಲ್ಸಿಯಂ ಇಡಿಟಿಎ ಮುಂತಾದ ಔಷಧಗಳನ್ನು ವೈದ್ಯರ ನಿಗಾದಲ್ಲಿಯೇ ಕೊಡಬೇಕು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು, ಒಂದು ತಿಂಗಳ ಸೇವನೆಯ ನಂತರ ಲಿವರ್ ಫಂಕ್ಷನ್ ಪರೀಕ್ಷೆ ಮಾಡಿಸಿ ಫಲ ನೋಡಿ ಎಂದು ಡಬ್ಬಿಯೊಳಗಿನ ಚೀಟಿ ಕೊಡುವ ಸಲಹೆ. ಆ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದ್ದೂ ರಕ್ತದಲ್ಲಿ ಸೀಸ ಅಪಾಯದ ಮಟ್ಟದಲ್ಲಿರಬಹುದು. ನೋಡಬೇಕಾದದ್ದು ರಕ್ತದ ಸೀಸದ ಪ್ರಮಾಣವನ್ನು, ಮತ್ತು ಅದು ಬೇರೆಯೇ ಪರೀಕ್ಷೆ.

ಗಿಡಗಳೂ ಮಣ್ಣಿನಿಂದ ಲೋಹ ಹೀರುತ್ತವೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಗಿಡಮೂಲಿಕೆ ಔಷಧಗಳಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿದೆ. ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತ್ತು. ಆದ್ದರಿಂದ ನನ್ನ ಡಬ್ಬಿಯ ಬ್ಯಾಚಿನಲ್ಲಿ ಲೋಹ ಎಷ್ಟಿದೆ ಎಂದು ತೋರಿಸುವ ಪರೀಕ್ಷಾ ವರದಿ ಕೇಳಿ ಕಂಪನಿಗೆ ಬರೆದೆ. ಬಂದ ವರದಿಯಲ್ಲಿ ಬ್ಯಾಚ್ ಸಂಖ್ಯೆ ನನ್ನ ಡಬ್ಬಿಯದಾಗಿರಲಿಲ್ಲ. ಕ್ಯಾಡ್ಮಿಯಂನ ಕಾಲಂ ಅಂತೂ ಇರಲೇ ಇಲ್ಲ. ಮತ್ತೆ ಬರೆದದ್ದಕ್ಕೆ ಉತ್ತರವಾಗಿ ಶೇಕಡಾ ಹತ್ತು ರಿಯಾಯಿತಿಯ ಕೂಪನ್ ಬಂತು!

ಪ್ಯಾಕಿಂಗ್ ಅಚ್ಚುಕಟ್ಟಾಗಿದೆ, ಸಕಾಲಕ್ಕೆ ತಲುಪಿತು. ಅದಕ್ಕಾಗಿ ಐದರಲ್ಲಿ ಒಂದೂವರೆ ಅಂಕ. ಬೇರೆ ಮಾತ್ರೆ ಸೇವಿಸುತ್ತಿರುವವರು ಇದರಲ್ಲಿ ಕಾಳುಮೆಣಸಿನ ಪೈಪರಿನ್ ಇರುವುದನ್ನು ವೈದ್ಯರಿಗೆ ತಿಳಿಸಬೇಕು. ಅದು ಕೆಲವು ಔಷಧಗಳು ರಕ್ತ ಸೇರುವ ಪ್ರಮಾಣವನ್ನು ಬದಲಿಸುತ್ತದೆ. ಭಾವಮೈದುನನಿಗೆ ಎರಡನೆಯ ಡಬ್ಬಿ ತರಿಸಲಿಲ್ಲ. ಆ ಹಣವನ್ನು ರಕ್ತದ ಸೀಸ ಪರೀಕ್ಷೆಗೆ ಕೊಟ್ಟೆವು. ಧೂಳು ಹಿಡಿದ ಬಟ್ಟೆಯನ್ನು ಘಟಕದಲ್ಲಿಯೇ ಬದಲಿಸಿ, ಸ್ನಾನ ಮಾಡಿ ಮನೆಗೆ ಬರುವಂತೆ ವೈದ್ಯರು ಅವನಿಗೆ ಹೇಳಿದ್ದಾರೆ, ಏಕೆಂದರೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.