ಯೆಜ್ಡಿ ರೋಡ್‌ಕಿಂಗ್: ಮನೆಯಲ್ಲೇ ಕಸ್ಟಮ್ ಮಾಡುವವರಿಗೆ ಈ ಹಳೆ ಗಾಡಿ ಹೇಗೆ?

ಕೆಫೆ ರೇಸರ್ (ಮುಂದಕ್ಕೆ ಬಾಗಿ ಕೂತು ಓಡಿಸುವ, ತಗ್ಗಿನ ಹ್ಯಾಂಡಲಿನ ಗಾಡಿ) ಮಾಡಬೇಕೆಂದು ರೋಡ್‌ಕಿಂಗ್ ಹುಡುಕುತ್ತಿದ್ದರೆ ಈಗಲೇ ನಿಲ್ಲಿಸಿ, ಬೇರೆ ಗಾಡಿ ನೋಡಿ. ಸ್ಕ್ರ್ಯಾಂಬ್ಲರ್ (ನೆಟ್ಟಗೆ ಕೂತು ಓಡಿಸುವ, ಮಣ್ಣು ರಸ್ತೆಗೂ ಒಗ್ಗುವ ಗಾಡಿ) ಮಾಡುವುದಾದರೆ ಮುಂದೆ ಓದಿ. ಈ ವ್ಯತ್ಯಾಸಕ್ಕೆಲ್ಲ ಕಾರಣ ಎಡಗಡೆಯ ಒಂದೇ ಒಂದು ಲಿವರ್. ರೋಡ್‌ಕಿಂಗ್‌ನಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಕೆಫೆ ರೇಸರ್‌ಗೆ ಫುಟ್‌ರೆಸ್ಟ್ ಹಿಂದಕ್ಕೆ ಹೋಗಬೇಕು, ಅದಕ್ಕೆ ಗೇರ್ ಲಿವರಿನಿಂದ ಲಿಂಕೇಜ್ (ಜೋಡಣೆಯ ಸರಳು) ಎಳೆಯಬೇಕು. ಕಿಕ್ ಹೊಡೆಯುವಾಗ ಲಿವರ್ ದೊಡ್ಡ ಸುತ್ತು ತಿರುಗುತ್ತದೆ, ಲಿಂಕೇಜ್ ಅದಕ್ಕೆ ಅಡ್ಡ ಬರುತ್ತದೆ. ಪ್ರತಿ ಸಲ ಲಿಂಕ್ ಬಿಚ್ಚಿ ಕಿಕ್ ಹೊಡೆಯುವವರೂ ಇದ್ದಾರೆ, ಅವರ ತಾಳ್ಮೆಗೆ ನಮಸ್ಕಾರ. ಸ್ಕ್ರ್ಯಾಂಬ್ಲರ್‌ಗೆ ಈ ರಗಳೆ ಇಲ್ಲ: ಫುಟ್‌ರೆಸ್ಟ್ ಇದ್ದಲ್ಲೇ ಇರುತ್ತದೆ, ಅಗಲದ ಹ್ಯಾಂಡಲ್, ಚಿಕ್ಕ ಮಡ್‌ಗಾರ್ಡ್, ಚಪ್ಪಟೆ ಸೀಟು, ಗುಬಟು ಟಯರ್ ಹಾಕಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಗಾಡಿಯ ಜಾತಕ ಎಲ್ಲರಿಗೂ ಗೊತ್ತಿರುವುದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1978ರಿಂದ, ಕಾರ್ಖಾನೆ ಬಾಗಿಲು ಹಾಕಿದ 1996ರವರೆಗೆ ತಯಾರಾಯಿತು. ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ., ಒಟ್ಟು 248.5 ಸಿಸಿ, 16 ಬಿಎಚ್‌ಪಿ, ನಾಲ್ಕು ಗೇರ್. ಸ್ಟ್ರೋಕ್ ಉದ್ದವಾಗಿರುವುದರಿಂದ ಎಳೆತವೆಲ್ಲ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ, ಕಾಫಿ ತೋಟದ ಮಣ್ಣು ರಸ್ತೆಗೆ ಬೇಕಾದದ್ದೂ ಅದೇ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. ಹೆಡ್ಡು, ಸಿಲಿಂಡರ್, ಪಿಸ್ಟನ್ ಬಿಚ್ಚಲು ಒಂದು ಸಂಜೆ ಸಾಕು.

ಕೊಳ್ಳುವಾಗ ಒಂದು ಎಚ್ಚರಿಕೆ. ಒರಿಜಿನಲ್ ಟ್ಯಾಂಕು, ಸೈಡ್ ಬಾಕ್ಸು, ಸೈಲೆನ್ಸರ್ ಎಲ್ಲ ಇರುವ ರೋಡ್‌ಕಿಂಗ್‌ಗೆ ಈಗ ಒಳ್ಳೆಯ ಬೆಲೆಯಿದೆ. ಅಂಥದ್ದನ್ನು ಬಿಚ್ಚಿ ಸ್ಕ್ರ್ಯಾಂಬ್ಲರ್ ಮಾಡಿದರೆ ಗಾಡಿಯ ಬೆಲೆ ಇಳಿಯುತ್ತದೆ, ಏರುವುದಿಲ್ಲ. ಅರೆಬರೆ ಬಿಡಿಭಾಗದ, ಆದರೆ ಕಾಗದ ಸರಿಯಿರುವ ಗಾಡಿಯೇ ಈ ಕೆಲಸಕ್ಕೆ ಯೋಗ್ಯ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಗಾಡಿಯ ಮೇಲೆ ಕಣ್ಣಿಗೆ ಕಾಣಬೇಕು. ಇಂಜಿನ್ ಬೇರೆ ಗಾಡಿಯದ್ದಾದರೆ, ಮಾರುವವನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಬಲಗಡೆಯ ಕವರ್ ತೆಗೆಸಿ, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ಶಾಫ್ಟ್) ತುದಿಯಲ್ಲಿರುವ, ಕರೆಂಟ್ ತಯಾರಿಸುವ ರೋಟರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸಿಕ್ಕರೆ ಮೇನ್ ಬೇರಿಂಗ್ ಹೋಗಿದೆ ಎಂದರ್ಥ, ಆ ಖರ್ಚು ಹಿಡಿದೇ ಚೌಕಾಸಿ ಮಾಡಿ. ಗೇರ್ ಬಾಕ್ಸಿನ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಎಡಗಡೆಯ ಕ್ರ್ಯಾಂಕ್ ಸೀಲ್ (ಶಾಫ್ಟಿನ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂಡ ಹೋಗಿದೆ.

ಈ ಸೀಲ್‌ಗಳೇ ರೋಡ್‌ಕಿಂಗ್‌ನ ಜೀವನಾಡಿ, ಆದರೂ ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುವುದೂ ಇವನ್ನೇ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸೇ ಪೆಟ್ರೋಲ್-ಗಾಳಿ ಮಿಶ್ರಣದ ಪಂಪು. ಎಡಗಡೆ ಸೀಲ್ ಸೋರಿದರೆ ಇಂಜಿನ್ ಗೇರ್ ಆಯಿಲ್ ಹೀರಿಕೊಳ್ಳುತ್ತದೆ: ದಟ್ಟ ಬಿಳಿ ಹೊಗೆ, ಪ್ಲಗ್ ಒದ್ದೆ, ಗೇರ್ ಆಯಿಲ್ ತಾನಾಗಿಯೇ ಕಡಿಮೆ. ಇದು ಕಣ್ಣಿಗೆ ಕಾಣುವ ತೊಂದರೆ, ಹೆದರಬೇಕಿಲ್ಲ. ಬಲಗಡೆಯದ್ದು ಸೋರಿದರೆ ಹೊರಗಿನ ಗಾಳಿ ಒಳಬಂದು ಮಿಶ್ರಣ ತೆಳುವಾಗುತ್ತದೆ. ಹೊಗೆಯಿಲ್ಲ, ಗಾಡಿ ಮೊದಲಿಗಿಂತ ಚುರುಕಾದಂತೆ ಕಾಣುತ್ತದೆ, ಥ್ರಾಟಲ್ ಬಿಟ್ಟರೂ ಐಡ್ಲಿಂಗ್ ತಕ್ಷಣ ಇಳಿಯುವುದಿಲ್ಲ. ನಾಲ್ಕನೇ ಗೇರಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಪಿಸ್ಟನ್ ಸೀಝ್, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಹೊಸ ಪಿಸ್ಟನ್ ಹಾಕಿಸಿ, ಮತ್ತೆ ಸೀಝ್ ಆದಾಗ ಸಿಲಿಂಡರ್ ಕೊರೆದು ಅಗಲ ಮಾಡಿಕೊಟ್ಟ ಬೋರಿಂಗ್ ಅಂಗಡಿಯವನನ್ನು ಬೈಯುವವರೇ ಹೆಚ್ಚು. ತಪ್ಪು ಬಹಳ ಸಲ ಅವನದಲ್ಲ.

ಹಾಗಾಗಿ ಇಂಜಿನ್ ಜೋಡಿಸಿದ ಮೇಲೆ, ಫ್ರೇಮಿಗೆ ಏರಿಸುವ ಮುಂಚೆ ಪ್ರೆಶರ್ ಟೆಸ್ಟ್ ಮಾಡಲೇಬೇಕು. ಎರಡೂ ಎಕ್ಸಾಸ್ಟ್ ಬಾಯಿಗೆ, ಕಾರ್ಬ್ಯುರೇಟರ್ ಬಾಯಿಗೆ ರಬ್ಬರ್ ಬೆಣೆ ಹಾಕಿ ಮುಚ್ಚಿ. ಪ್ಲಗ್ ತೂತಿನಿಂದ ಸೈಕಲ್ ಪಂಪಿನಲ್ಲಿ ಸುಮಾರು 6 ಪಿಎಸ್‌ಐ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಸೀಲೇ ಜರುಗುತ್ತದೆ. ಐದಾರು ನಿಮಿಷ ಗೇಜ್ ಮುಳ್ಳು ನಿಂತಲ್ಲೇ ನಿಂತರೆ ಸರಿ. ಇಳಿದರೆ ಸೋಪ್ ನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ: ಸೀಲ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಎರಡು ಕೇಸ್ ಸೇರುವ ಗೆರೆ, ಹೆಚ್ಚಾಗಿ ಸೋರುವ ಜಾಗ ಇವೇ.

ಕ್ರ್ಯಾಂಕ್ ಕೆಲಸ ಮಾತ್ರ ಮನೆಯಲ್ಲಿ ಬೇಡ. ಇದು ಪ್ರೆಸ್ ಮಾಡಿ ಕೂರಿಸಿದ ಕ್ರ್ಯಾಂಕ್. ಕನೆಕ್ಟಿಂಗ್ ರಾಡ್ ಬದಲಿಸಿದ ಮೇಲೆ ಎರಡು ಸೆಂಟರ್ ನಡುವೆ ಇಟ್ಟು ಡಯಲ್ ಗೇಜಿನಲ್ಲಿ ನೇರ ಮಾಡಬೇಕು. 0.03 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ಒಪ್ಪಿಕೊಳ್ಳಬೇಡಿ, ಗೇಜ್ ಓದು ತೋರಿಸು ಎಂದು ಕೇಳಿ. ಬೋರಿಂಗ್ ಕೂಡ ಹೊರಗೇ. ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ. ಹಂತದಲ್ಲಿ ಸಿಗುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಅಳೆದು ಆಮೇಲೆ ಬೋರ್ ಮಾಡಿಸಬೇಕು, ಉಲ್ಟಾ ಅಲ್ಲ. ಬೋರ್ ಆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಸಣ್ಣಗೆ ಉಜ್ಜಿರಬೇಕು. ಚೂಪಾಗಿ ಬಿಟ್ಟರೆ ರಿಂಗು ಸಿಕ್ಕಿ ಮುರಿಯುತ್ತದೆ. ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) 0.2ರಿಂದ 0.3 ಮಿ.ಮೀ. ಇದ್ದರೆ ಸಾಕು, ಅದನ್ನು ಫೀಲರ್ ಗೇಜ್ ಹಾಕಿ ಮನೆಯಲ್ಲೇ ನೋಡಿಕೊಳ್ಳಬಹುದು. ಎಡಗಡೆ ಪ್ರೈಮರಿ ಸ್ಪ್ರಾಕೆಟ್ ಟೇಪರ್ (ತುದಿಗೆ ಸಣ್ಣದಾಗುತ್ತ ಹೋಗುವ ಶಾಫ್ಟ್) ಮೇಲೆ ಕೂತಿರುತ್ತದೆ, ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಸುತ್ತಿಗೆ ಹಿಡಿದರೆ ಈಗ ತಾನೇ ದುಡ್ಡು ಕೊಟ್ಟು ನೇರ ಮಾಡಿಸಿದ ಕ್ರ್ಯಾಂಕ್ ಡೊಂಕಾಗುತ್ತದೆ.

ಈಗ ಎಲ್ಲರೂ ಕೆಡಿಸುವ ಎರಡು ಕಡೆ. ಒಂದು ಏರ್ ಫಿಲ್ಟರ್. ನೋಟಕ್ಕೆಂದು ಫಿಲ್ಟರ್ ಡಬ್ಬ ಕಿತ್ತು ಶಂಕುವಿನಾಕಾರದ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚಾಗುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದು ಮಾಡಲೇಬೇಕು. ದೊಡ್ಡ ಜೆಟ್‌ನಿಂದ ಶುರುಮಾಡಿ ಒಂದೊಂದೇ ಹಂತ ಇಳಿಯಿರಿ, ಸಣ್ಣದರಿಂದ ಮೇಲೇರುವ ದಾರಿಯಲ್ಲಿ ಪಿಸ್ಟನ್ ಸುಡುತ್ತದೆ. ಫುಲ್ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ: ಕಾಫಿಪುಡಿ ಬಣ್ಣ ಸರಿ, ಬಿಳಿ ಬಂದರೆ ಅಪಾಯ. ಪೆಟ್ರೋಲಿನಲ್ಲಿ ಈಗ ಶೇ. 20 ಎಥನಾಲ್ ಇರುವುದರಿಂದ ಹಳೆಯ ಜೆಟ್ ಲೆಕ್ಕ ಮೊದಲೇ ಸ್ವಲ್ಪ ತೆಳು, ಅದನ್ನೂ ಗಮನದಲ್ಲಿಡಿ. ಮಳೆಗಾಲದಲ್ಲಿ ಓಡಿಸುವವರಿಗೆ ಒರಿಜಿನಲ್ ಡಬ್ಬವೇ ಮೇಲು.

ಎರಡನೆಯದು ಸೈಲೆನ್ಸರ್. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ಕಿತ್ತರೆ ಸದ್ದು ಜೋರಾಗುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ಈ ಗಾಡಿಯಲ್ಲಿ ಇರುವುದೇ ಆ ಎಳೆತ. ಸ್ಕ್ರ್ಯಾಂಬ್ಲರ್ ಎಂದಾಕ್ಷಣ ಪೈಪುಗಳನ್ನು ಸೀಟಿನ ಕೆಳಗೆ ಎತ್ತಿ ಕಟ್ಟುವ ಆಸೆ ಸಹಜ. ಆದರೆ ಕಿಕ್ಕರ್ ಎಡಗಡೆ, ಎತ್ತಿದ ಎಡ ಪೈಪು ಕಿಕ್ ಹೊಡೆಯುವ ಕಾಲಿಗೇ ಬಿಸಿ ಮುಟ್ಟಿಸುತ್ತದೆ. ಬೆಂಡ್ ಪೈಪ್ ಇದ್ದಹಾಗೇ ಬಿಟ್ಟು, ಹಿಂದಿನ ಬ್ರಾಕೆಟ್ ಬದಲಿಸಿ ಸೈಲೆನ್ಸರ್ ಬಾಲ ಮಾತ್ರ ಸ್ವಲ್ಪ ಎತ್ತಿದರೆ ನೋಟವೂ ಸಿಗುತ್ತದೆ, ಕಾಲೂ ಉಳಿಯುತ್ತದೆ. ಸಿಲಿಂಡರಿಗೆ ಪೈಪ್ ಹಿಡಿಯುವ ರಿಂಗ್ ನಟ್ಟನ್ನು ಹುಕ್ ಸ್ಪ್ಯಾನರಿನಲ್ಲೇ ಬಿಗಿ ಮಾಡಿ. ಉಳಿ-ಸುತ್ತಿಗೆ ಹಚ್ಚಿದ ನಟ್ಟು ಆಮೇಲೆ ಯಾವತ್ತೂ ನಿಲ್ಲುವುದಿಲ್ಲ.

ಫ್ರೇಮ್ ಕತ್ತರಿಸುವುದೇ ಬೇಡ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದು ಎಂದಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂನಲ್ಲಿ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ, ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಆದ್ದರಿಂದ ಎಲ್ಲವನ್ನೂ ಬೋಲ್ಟಿನಲ್ಲಿ ಕೂರಿಸಿ: 2 ಮಿ.ಮೀ. ಶೀಟಿನ ಸೀಟ್ ತಳ ಹಳೆಯ ಸೀಟಿನ ತೂತುಗಳಿಗೇ ಹೊಂದುವಂತೆ, ಮಡ್‌ಗಾರ್ಡ್ ಹಳೆಯ ಕಂಬಿಗೇ. ಕಿತ್ತ ಒರಿಜಿನಲ್ ಭಾಗಗಳನ್ನು ಅಟ್ಟದ ಮೇಲೆ ಇಡಿ, ಗುಜರಿಗೆ ಹಾಕಬೇಡಿ. ಪೌಡರ್ ಕೋಟಿಂಗಿಗೆ ಕೊಡುವಾಗ ಚಾಸಿ ನಂಬರ್ ಮೇಲೆ ದಪ್ಪ ಟೇಪ್ ಅಂಟಿಸಿ, ಮರಳು ಹೊಡೆಯುವಾಗಲೂ ಅಷ್ಟೇ. ನಂಬರಿನ ಗೀರು ಬಣ್ಣದಲ್ಲಿ ತುಂಬಿಹೋದರೆ ಆರ್‌ಟಿಒದಲ್ಲಿ ಪೆನ್ಸಿಲ್ ಅಚ್ಚು ಮೂಡುವುದಿಲ್ಲ. ಇಂಜಿನ್ ಕೇಸಿಗೆ ಮರಳು ಬೇಡವೇ ಬೇಡ: ಬೇರಿಂಗಿಗೆ ಎಣ್ಣೆ ಹೋಗುವ ಸಣ್ಣ ತೂತುಗಳಲ್ಲಿ ಒಂದು ಕಾಳು ಉಳಿದರೂ ಬೇರಿಂಗ್ ಹಾಳಾಗಲು ಸಾಕು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಡಿ 6 ವೋಲ್ಟೋ 12 ವೋಲ್ಟೋ ಮೊದಲು ನೋಡಿ, ಹಳೆಯ ಹಾರ್ನೆಸ್ (ವೈರುಗಳ ಕಟ್ಟು) ಪೂರ್ತಿ ಕಿತ್ತು ಹೊಸದು ಎಳೆಯಿರಿ. ಬ್ಯಾಟರಿಯಿಂದ ಮೇನ್ ಲೈನಿಗೆ 1.5 ಚದರ ಮಿ.ಮೀ. ವೈರ್, ಒಂದು 10 ಆಂಪಿಯರ್ ಫ್ಯೂಸ್. ಬಣ್ಣ ಬಳಿದ ಫ್ರೇಮಿಗೆ ಅರ್ಥ್ ಸಿಗುವುದಿಲ್ಲ, ಹೆಡ್‌ಲೈಟಿಗೂ ಇಂಜಿನ್ನಿಗೂ ಬೇರೆ ಬೇರೆ ಅರ್ಥ್ ವೈರ್ ಕೊಡಿ. ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್) ಗ್ಯಾಪ್ 0.4 ಮಿ.ಮೀ. ಮೊದಲು ಗ್ಯಾಪ್, ಆಮೇಲೆ ಕಿಡಿ ಹಾರುವ ಟೈಮಿಂಗ್. ಗ್ಯಾಪ್ ಮುಟ್ಟಿದರೆ ಟೈಮಿಂಗೂ ಜರುಗುತ್ತದೆ.

ಟ್ಯಾಂಕಿನ ತುಕ್ಕಿಗೆ ವಾಷಿಂಗ್ ಸೋಡಾ ನೀರು, ಹಳೆಯ 12 ವೋಲ್ಟ್ ಚಾರ್ಜರ್ ಸಾಕು: ಮೈನಸ್ ಟ್ಯಾಂಕಿಗೆ, ಪ್ಲಸ್ ಒಳಗೆ ತೂಗುಬಿಟ್ಟ ಕಬ್ಬಿಣದ ಸರಳಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಸ್ಟೀಲ್ ಚಮಚ, ಸ್ಟೇನ್‌ಲೆಸ್ ಸರಳು ಬಳಸಬೇಡಿ, ವಿಷದ ಕ್ರೋಮಿಯಂ ಬಿಡುತ್ತದೆ. ಬಯಲಲ್ಲೇ ಮಾಡಿ, ಹೊರಬರುವ ಹೈಡ್ರೋಜನ್ ಹತ್ತಿಕೊಳ್ಳುವ ಗಾಳಿ.

ಬಿಡಿಭಾಗದ ವಿಷಯದಲ್ಲಿ ಕರ್ನಾಟಕದಲ್ಲಿರುವವರು ಅದೃಷ್ಟವಂತರು. ಬೆಂಗಳೂರಿನ ಜೆ.ಸಿ. ರಸ್ತೆ, ಮೈಸೂರಿನ ಹಳೆಯ ಜಾವಾ ಮೆಕ್ಯಾನಿಕ್‌ಗಳು, ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಸೇರುವ ಮಂದಿ, ಈ ಮೂರರಲ್ಲಿ ಒಂದು ಕಡೆ ಬೇಕಾದದ್ದು ಸಿಕ್ಕೇ ಸಿಗುತ್ತದೆ. ಕೇಬಲ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟು ಲೋಕಲ್ ಆದರೂ ನಡೆಯುತ್ತದೆ. ಸೀಲ್, ಬೇರಿಂಗ್ ಮಾತ್ರ ಹೆಸರಾಂತ ಕಂಪನಿಯದ್ದೇ ಬೇಕು, ಹಳೆಯದರ ಮೇಲಿನ ನಂಬರ್ ಹಿಡಿದು ಬೇರಿಂಗ್ ಅಂಗಡಿಯಲ್ಲೇ ಕೇಳಿ, ಮೇನ್ ಬೇರಿಂಗಿಗೆ ಸಿ3 (ಒಳಗೆ ಸ್ವಲ್ಪ ಹೆಚ್ಚು ಸಡಿಲವಿರುವ ಬಗೆ) ಎಂದು ಹೇಳಿ. 2022ರಲ್ಲಿ ಮತ್ತೆ ಬಂದ ಯೆಜ್ಡಿಗಳ ಭಾಗ ಹೊಂದುತ್ತದೆಯೇ ಎಂದು ಕೇಳುವವರಿದ್ದಾರೆ. ಅವು ನೀರು ತಂಪಿಸುವ ಫೋರ್ ಸ್ಟ್ರೋಕ್ ಗಾಡಿಗಳು, ಹೆಸರು ಬಿಟ್ಟರೆ ಇಂಜಿನ್ನಿನಲ್ಲಿ ಸಮಾನವಾದದ್ದು ಏನೂ ಇಲ್ಲ.

ಇಂಜಿನ್ ಜೋಡಿಸಿದ ಮೇಲೆ ಮೊದಲ 500 ಕಿ.ಮೀ. ಪೆಟ್ರೋಲ್ ಲೀಟರಿಗೆ 50 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಆಯಿಲ್, ಆಮೇಲೆ 40. ಆ ಮೊದಲ 500ರಲ್ಲಿ ಅರ್ಧ ಥ್ರಾಟಲ್ ದಾಟಬೇಡಿ, ಒಂದೇ ವೇಗದಲ್ಲಿ ಎಳೆಯಲೂ ಬೇಡಿ. ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಗೇರ್ ಹಾಕಿ ಥ್ರಾಟಲ್ ಪೂರ್ತಿ ಮುಚ್ಚಿ ಇಳಿದರೆ ಚಕ್ರ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲ್ ಮಾತ್ರ ಬರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಥ್ರಾಟಲ್ ಒಮ್ಮೆ ತಿರುಗಿಸಿ ಬಿಡಿ.